ಹಗರಿ ಒಯ್ಯದ ಚಿತ್ರಗಳು

ರಾಯದುರ್ಗ
೧೪ ಸೆಪ್ಟೆಂಬರ್ ೨೦೨೫

ಮಡಕಶಿರದ ಮಹಾರಾಯ ಹನುಮಂತರಾಯಪ್ಪನಿಗೆ,

ಎರ್ರಿಸ್ವಾಮಿಯ ನಮಸ್ಕಾರ. ರಾಯ ನೀನು, ದುರ್ಗ ನನ್ನದು, ಇಬ್ಬರೂ ಕೂಡಿದರೇನೇ ಊರಿನ ಹೆಸರು ಪೂರ್ತಿ ಎಂದು ಕಾಲೇಜಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆವು. ಈಗ ಬರೀ ದುರ್ಗ ಉಳಿದಿದೆ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ಸೋಮಾರಿತನವಲ್ಲ, ತನಿಖೆ ನಡೆಯುತ್ತಿತ್ತು. ಆರೋಪಿ ನೀನು.

ಮೊದಲು ಮನೆಯ ಸುದ್ದಿ. ಗುರುಬಸಮ್ಮನ ಆರೋಗ್ಯ ಚೆನ್ನಾಗಿದೆ, ನನ್ನ ಮೇಲಿನ ಅನುಮಾನ ಅದಕ್ಕಿಂತ ಚೆನ್ನಾಗಿದೆ. ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ಬಂದ ಗಂಡ ಸಂಜೆಯಿಡೀ ಬ್ರೌಸರ್ ಕಟ್ಟುತ್ತ ಕೂತರೆ ಯಾವ ಹೆಂಡತಿಗೆ ಸಮಾಧಾನ?

"ಫೋನಿನಾಗ ಪುಕ್ಕಟೆ ಐತಲ್ರಿ, ಮತ್ತ ನೀವ್ಯಾಕ ಮಾಡ್ತೀರಿ?" ಎಂದಳು.

"ಹೋಟೆಲಿನಾಗ ಮಂಡಕ್ಕಿ ಒಗ್ಗರಣಿ ಸಿಗ್ತದ, ನೀನ್ಯಾಕ ಮನ್ಯಾಗ ಮಾಡ್ತಿ?" ಎಂದೆ. ಮರುದಿನ ಮನೆಯಲ್ಲಿ ಅದು ಆಗಲಿಲ್ಲ. ಬ್ರೌಸರನ್ನೇ ತಿಂದು ಕಾಲೇಜಿಗೆ ಹೋದೆ.

ವಾರಕ್ಕೊಂದು ಹರಟೆ ಬರೆದು ಹಾಕುವ ನನ್ನ ಪುಟ ನಿನಗೆ ಗೊತ್ತಲ್ಲ. ಯಾರಾದರೂ ಅದನ್ನು ತೆರೆದರೆ ಅವರ ಬ್ರೌಸರಿನ ಹೆಸರು, ಅದು ಏನೇನು ಒಯ್ದಿತು ಎಂಬ ಲೆಕ್ಕ ನನ್ನ ಕಂಪ್ಯೂಟರಿನಲ್ಲಿ ಬಿದ್ದಿರುತ್ತದೆ. ದಿನಾ ಮುಂಜಾನೆ ಅಲ್ಲಿ ಒಂದೇ ಹೆಸರು: ಹಗರಿ. ಗುರುಬಸಮ್ಮ ಬೆನ್ನ ಹಿಂದಿನಿಂದ ಬಗ್ಗಿ ನೋಡಿದಳು.

"ಯಾರ್ರಿ ಈಕಿ? ಬೆಳಗಾದ್ರ ಸಾಕು, ಬಂದುಬಿಡ್ತಾಳ!"

"ಹೆಂಗಸಲ್ಲ ಮಾರಾಯ್ತಿ, ಬ್ರೌಸರ್. ಹೊಳಿ ಹೆಸರು ಇಟ್ಟೀವಿ."

"ಹೊಳಿನೂ ಹೆಂಗಸೇ ಅಲ್ಲೇನ್ರಿ?"

ಈ ಹಗರಿಯ ತವರು ನಿನಗೆ ತಿಳಿಯದ್ದೇನಲ್ಲ. ಲಾಕ್‌ಡೌನಿನಲ್ಲಿ ನೀನು ನಿನ್ನ ರೇಷ್ಮೆಹುಳಗಳ ಹಿಪ್ಪುನೇರಳೆ ತೋಟದಲ್ಲಿ, ನಾನು ಇಲ್ಲಿ, ಫೋನ್ ಕಿವಿಗೆ ಒತ್ತಿಕೊಂಡೇ ಇಬ್ಬರೂ ಕಟ್ಟಿದ ಬ್ರೌಸರ್. ಹಗರಿ ಎಂದು ಹೆಸರಿಟ್ಟವನು ನೀನು, ಹಗರಣ ಎಂದು ಕರೆದವನು ನಾನು. ಅದು ಇರುವುದು ಎರಡೇ ಕಂಪ್ಯೂಟರಿನಲ್ಲಿ, ನನ್ನದರಲ್ಲಿ ಮತ್ತು ನಿನ್ನದರಲ್ಲಿ. ಮುಂಜಾನೆ ನಾನು ಹಾಸಿಗೆ ಬಿಟ್ಟಿರುವುದಿಲ್ಲ. ಮೇಲಾಗಿ ಈ ಅತಿಥಿ ನೇರ ಒಳಗೆ ನುಗ್ಗುವುದಿಲ್ಲ. ಪುಟ ಇದೆಯಾ ಎಂದು ಮೊದಲು ಬರೀ ವಿಚಾರಿಸುತ್ತದೆ, ಇದೆ ಎಂದ ಮೇಲೆಯೇ ಪುಟ ಕೊಡಿ ಎನ್ನುತ್ತದೆ. ಬೇರೆ ಬ್ರೌಸರುಗಳಿಗೆ ಈ ಮರ್ಯಾದೆ ಇಲ್ಲ. ಹೊಸ್ತಿಲಾಚೆ ನಿಂತು "ಒಳಗವ್ರಾ?" ಎಂದು ಕೂಗದೆ ಯಾರ ಮನೆಗೂ ಕಾಲಿಡದ ನಿನ್ನಂಥವನು ಮಾತ್ರ ಹೀಗೆ ಬರೆದಾನು. ಸಮಯ ದಂಡ ಎಂದು ನನ್ನ ಹಗರಿಯಿಂದ ಹಾಗೆ ವಿಚಾರಿಸುವ ಸಾಲನ್ನು ನಾನು ಅಂದೇ ಕಿತ್ತಿದ್ದೆ.

ಅನಂತಪುರದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲೂ ನೀನು ಹೀಗೇ. ಗುಡಿಗೆ ಹೋದಂತೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದೆವು. ಇಬ್ಬರಿಗೊಂದು ಕಂಪ್ಯೂಟರ್, ಕಪ್ಪು ಪರದೆ, ಹಸಿರು ಅಕ್ಷರ. ನನ್ನ ಮೊದಲ ಪ್ರೋಗ್ರಾಂ ಮೇಷ್ಟರ ಅಡ್ಡಹೆಸರನ್ನು ಸಾಲುಸಾಲಾಗಿ ಸುರಿಯತೊಡಗಿತು, ನಿಲ್ಲಿಸುವುದು ನನಗೆ ಗೊತ್ತಿರಲಿಲ್ಲ. ಮೇಷ್ಟರು ಬಂದಾಗ ನೀನು ಪರದೆಗೆ ಅಡ್ಡ ನಿಂತೆ. ನಿನ್ನ ಪ್ರೋಗ್ರಾಂ ಊಟ ಆಯ್ತಾ ಎಂದು ಕೇಳುತ್ತಿತ್ತು. ಇಲ್ಲ ಎಂದರೆ "ಬನ್ನಿ, ಉಣ್ಣೋಣ" ಎನ್ನುತ್ತಿತ್ತು. ಆಯ್ತು ಎಂದರೂ "ಬನ್ನಿ, ಉಣ್ಣೋಣ" ಎಂದೇ. ಎರಡಕ್ಕೂ ಒಂದೇ ಉತ್ತರವಾದರೆ ಪ್ರಶ್ನೆ ಯಾಕೆ ಎಂದು ಮೇಷ್ಟರು ಗದರಿದರು. "ನಮ್ ಕಡೆ ಹಂಗೇಯ ಸಾರ್" ಎಂದೆ ನೀನು. ಅಂಕ ಹೋಯಿತು.

ಅಂಥವನು ಈಗ ದಿನಾ ನನ್ನ ಪುಟಕ್ಕೆ ಬರುತ್ತೀ, ಫೋನಿನಲ್ಲಿ ಮಾತ್ರ ಸಿಗುವುದಿಲ್ಲ. ಸಿಕ್ಕರೂ "ಚೆನ್ನಾಗಿವ್ನಿ ಕಣಯ್ಯ, ಹುಳಕ್ಕೆ ಸೊಪ್ಪು ಹಾಕ್ಬೇಕು, ಮಡಗ್ತೀನಿ" ಎಂದು ಇಟ್ಟುಬಿಡುತ್ತೀ. ವಿಡಿಯೊ ಕಾಲ್ ಮಾಡಿದರೆ ಕತ್ತರಿಸುತ್ತೀ. ಹಗರಿಯನ್ನು ಗುಟ್ಟಾಗಿ ಬೆಳೆಸಿ ನಿನ್ನೊಬ್ಬನ ಹೆಸರಿನಲ್ಲಿ ಹೊರತರುವ ಸಂಚು ಎಂದು ನಾನು ಗುಮಾನಿಪಟ್ಟೆ.

ಬಲೆ ಬೀಸಿದೆ. ನಮ್ಮ ಲ್ಯಾಬಿನ ಗುಂಪು ಫೋಟೊವನ್ನು ಪುಟಕ್ಕೆ ಹಾಕಿದೆ. ನೋಡದೆ ಇರಲು ನಿನ್ನಿಂದಾಗದು, ನೋಡಿದರೆ ನಗು ತಡೆಯಲಾರದೆ ಫೋನ್ ಮಾಡುತ್ತೀ ಎಂಬ ಲೆಕ್ಕ. ಹಗರಿ ಬಂತು, ಬರಹ ಒಯ್ದಿತು, ಫೋಟೊ ಕೇಳಲೇ ಇಲ್ಲ. ನನ್ನ ಬೋಳುತಲೆಯ ಚಿತ್ರ ಹಾಕಿದೆ. ಅದನ್ನೂ ಬಿಟ್ಟು ಹೋಯಿತು. ಹಳೆಯದನ್ನೆಲ್ಲ ಕೆದಕಿದೆ. ಸಂಕ್ರಾಂತಿಯಿಂದೀಚೆಗೆ ಹಗರಿ ಒಂದು ಚಿತ್ರವನ್ನೂ ಒಯ್ದಿಲ್ಲ. ನನ್ನ ಉದ್ದುದ್ದ ಹರಟೆಗಳನ್ನು ಮಾತ್ರ ಒಂದೂ ಬಿಟ್ಟಿಲ್ಲ. ಹಗರಿಯಲ್ಲಿ ಮೊದಲ ಚಿತ್ರ ಮೂಡಿದ ದಿನ "ಬಂತು ಕಣಯ್ಯ, ಬಂತು!" ಎಂದು ಫೋನಿನಲ್ಲೇ ಕುಣಿದವನು ನೀನು. ಚಿತ್ರ ತರುವ ಆ ಸಾಲುಗಳನ್ನು ನೀನೇ ಅಳಿಸಿದೆ ಎಂದರೆ?

ಹೋದ ವಾರ ಕುರಿಸಂತೆಯಲ್ಲಿ ದೊಡ್ಡಬೀರಪ್ಪ ಸಿಕ್ಕ. ಕುರಿ ವ್ಯಾಪಾರಕ್ಕೆ ನಿಮ್ಮ ಕಡೆ ಬರುತ್ತಾನಲ್ಲ, ಅವನೇ.

"ನಮ್ಮ ರಾಯಪ್ಪ ಹೆಂಗದಾನ?" ಎಂದೆ.

"ಚೆನ್ನಾಗದಾರ್ರಿ, ಚೆನ್ನಾಗದಾರ." ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

"ತೋಟಕ್ಕ ಹೋಗ್ತಾನೇನು?"

"ಹೋಗ್ತಾರ್ರಿ. ಮಗಳು ಕೈ ಹಿಡಕೊಂಡು ಕರಕೊಂಡು ಹೋಗ್ತಾಳ."

"ಕೈ ಹಿಡಕೊಂಡು ಯಾಕ?"

ಅವನು ಎದುರಿಗಿದ್ದ ಟಗರಿನ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದ. ಆ ಟಗರು ಅವನದೇ. "ನನ್ನ ಬಾಯಿಂದ ಹೇಳಿಸಬ್ಯಾಡ್ರಿ ಸಾರ್. ಯಾರಿಗಾದ್ರೂ ಹೇಳು, ಎರ್ರಿಸ್ವಾಮಿಗೆ ಮಾತ್ರ ಹೇಳಬ್ಯಾಡ ಅಂದಾರ."

ರಾಯಪ್ಪ, ನಿನ್ನ ಕಣ್ಣಿಗೆ ಏನಾಗಿದೆ? ಪೂರ್ತಿ ಹೋಯಿತೇ, ಮಂಜುಮಂಜಾಗಿಯಾದರೂ ಕಾಣುತ್ತದೆಯೇ? ಯಾರಿಗೆ ತೋರಿಸಿದೆ? ಹಗರಿ ಈಗ ನಿನಗೆ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದೆ ಎಂಬುದು ನನ್ನ ಅನುಮಾನ. ಬೆಳಕು ಕಡಿಮೆಯಾಗುತ್ತ ಬಂದಾಗ ಒಬ್ಬನೇ ಕೂತು ಅದಕ್ಕೆ ಬಾಯಿ ಕೊಟ್ಟೆಯಾ? ಹೇಗೆ ಕೊಟ್ಟೆಯೋ! ನನಗಂತೂ ಹೊಟ್ಟೆಕಿಚ್ಚು.

ಮಗಳು ರಮ್ಯಶ್ರೀಗೆ ನಮ್ಮಿಬ್ಬರ ಆಶೀರ್ವಾದ. ಅವಳ ಕೈ ಗಟ್ಟಿಯಾಗಿರಲಿ. ಈ ಸಲದ ಹುಳವೆಲ್ಲ ಹಣ್ಣಾಗಿ ಒಳ್ಳೆಯ ಗೂಡು ಕಟ್ಟಲಿ.

ಇಂತಿ,
ಇನ್ನೂ ನಿನ್ನವನೇ ಆದ
ಎರ್ರಿಸ್ವಾಮಿ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ. ಹಾಕಿದರೆ ಮಗಳ ಕೈಯಲ್ಲಿ ಓದಿಸಬೇಕು, ಅರ್ಧಕ್ಕೇ ಸಾಕು ಎನ್ನುತ್ತೀ. ನನ್ನ ಪುಟದಲ್ಲೇ ಇಟ್ಟಿದ್ದೇನೆ, ಹಗರಿಗೆ ಬಿಟ್ಟು ಬೇರೆ ಯಾವ ಬ್ರೌಸರಿಗೂ ಸಿಗದಂತೆ. ಚಿತ್ರ ಒಂದೂ ಇಲ್ಲ. ಕಣ್ಣಿನ ಸಂಗತಿಯನ್ನು ನೀನು ಮುಚ್ಚಿಟ್ಟದ್ದು ನನಗೆ ಅರ್ಥವಾಗುತ್ತದೆ. "ಎರ್ರಿಸ್ವಾಮಿಗೆ ಮಾತ್ರ" ಎಂದೆಯಲ್ಲ, ಅದು ಅರ್ಥವಾಗುತ್ತಿಲ್ಲ. ಇದಕ್ಕೂ ನಾನೊಂದು ಹಾಸ್ಯ ಕಟ್ಟಿ ಹಂಚುತ್ತೇನೆಂದು ಅಂಜಿದೆಯಾ? ವಾರವಿಡೀ ತಡಕಾಡಿದೆ ರಾಯಪ್ಪ, ಇದರ ಮೇಲೆ ನನ್ನ ಬಳಿ ಒಂದೇ ಒಂದು ನಗೆಮಾತೂ ಇಲ್ಲ. ಬರುವ ಭಾನುವಾರ ಗುರುಬಸಮ್ಮನೂ ನಾನೂ ಕಲ್ಯಾಣದುರ್ಗದ ಮೇಲಿನ ಬಸ್ಸಿಗೆ ಹೊರಡುತ್ತಿದ್ದೇವೆ. ಬರಬೇಡ ಎನ್ನುವುದಾದರೆ ಫೋನ್ ಮಾಡಿ ನೀನೇ ಹೇಳು. ನಿನ್ನ ದನಿಯಲ್ಲಿ, ನಡುವೆ ಇಟ್ಟುಬಿಡದೆ.