ಕುರ್ಚಿಗಳಿಗೆ ಕಾಲುಚೀಲ

ಮಂಗಳವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ಹಾಸಿಗೆ ಹಿಡಿದಿರುವ ನನ್ನ ತಂಗಿಗೆ,

ಅಕ್ಕನ ಆಶೀರ್ವಾದಗಳು, ಜೊತೆಗೆ ಸ್ವಲ್ಪ ಬೈಗುಳ. ಮೆಟ್ಟಿಲು ಇಳಿಯುವಾಗ ಫೋನಿನಲ್ಲಿ ಮಾತಾಡಬೇಡ ಎಂದು ನಿನಗೆ ಎಷ್ಟು ಸಲ ಹೇಳಿದ್ದೆ? ಆಸ್ಪತ್ರೆಗೆ ಬಂದವರಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮನೇ ಕಾಲು ಮುರಿದುಕೊಂಡು ಕೂತರೆ ಇನ್ನು ಯಾರಿಗೆ ಹೇಳೋಣ! ಭಾನುವಾರ ನೀನಿಲ್ಲದೆ ನನಗೆ ಬಲಗೈ ಇಲ್ಲದ ಹಾಗಾಗಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಅಳಲಿಲ್ಲ. ನಿನ್ನ ಭಾವ ಫೋನಿನಲ್ಲಿ ಏನೇ ಹೇಳಿರಲಿ, ನಂಬಬೇಡ. ಅವರ ಅರವತ್ತರ ಸಮಾರಂಭ ಸುಸೂತ್ರವಾಗಿ ಮುಗಿಯಿತು. ಗುಬ್ಬಿ ಬಂದಿದ್ದಳು. ಈ ಮಾತು ಬರೆಯಲು ನಾಲ್ಕು ವರ್ಷ ಕಾದಿದ್ದೇನೆ ಕಣೇ, ಆದ್ದರಿಂದ ಇನ್ನೊಂದು ಸಲ ಬರೆಯುತ್ತೇನೆ. ನನ್ನ ಮಗಳು ಬಂದಿದ್ದಳು.

ಅವಳ ತಮ್ಮನ ಮದುವೆಯ ದಿನ ನಿನಗೂ ನೆನಪಿರಬೇಕು. ನಿನ್ನ ಭಾವ ತಮ್ಮ ಅಂಗಡಿಯಲ್ಲಿದ್ದ ಮೈಕ್‌ಸೆಟ್ಟುಗಳನ್ನೆಲ್ಲ, ಯಾರೂ ಬಾಡಿಗೆಗೆ ಕೇಳದ ಹಳೆಯ ಹಾರ್ನುಗಳನ್ನೂ ಬಿಡದೆ, ಕಲ್ಯಾಣ ಮಂಟಪದ ಹಾಲಿನ ತುಂಬ ಕಟ್ಟಿಸಿದ್ದರು. ಮೈಕಿನವರ ಮನೆಯ ಮದುವೆ, ಬಿಡುತ್ತಾರೆಯೇ? ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಬಂದವರೆಲ್ಲ ಅವಳ ಕೆನ್ನೆ ಹಿಂಡುವವರೇ, ಯಾಕಮ್ಮ ಸಪ್ಪಗಿದ್ದೀಯ ಎನ್ನುವವರೇ. ಕೊನೆಗೆ ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆ ‘ನಾನು ಹೋಗ್ತೀನಿ’ ಎಂದಳು. ನಿನ್ನ ಭಾವನ ಅಕ್ಕ, ನಮ್ಮ ದೊಡ್ಡತ್ತಿಗೆ, ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ‘ಹೋಗ್ತೀನಿ ಅನ್ನಬಾರ್ದು ಕಣೇ, ಬರ್ತೀನಿ ಅನ್ನು’ ಎಂದು ಅವರ ಹಟ. ಇವಳದ್ದು ಅದಕ್ಕಿಂತ ದೊಡ್ಡ ಹಟ. ‘ನಾನು ಇನ್ನು ಬರಲ್ಲ. ಬರದೆ ಇರೋಳು ಬರ್ತೀನಿ ಅಂತ ಯಾಕೆ ಸುಳ್ಳು ಹೇಳ್ಲಿ?’ ಎಂದು ಕೇಳಿ, ಅವರ ತೋಳಿನ ಕೆಳಗೆ ನುಸುಳಿ ಹೊರಟುಹೋದಳು.

ಚಿಕ್ಕಂದಿನಿಂದ ಹಾಗೇ ಅಲ್ಲವೇ ಅವಳು? ನನ್ನ ಹೊಟ್ಟೆ ಉರಿಸಬೇಡ ಎಂದು ನಾನು ಬೈದರೆ ಓಡಿಹೋಗಿ ಒಂದು ಲೋಟ ನೀರು ತಂದುಕೊಟ್ಟ ಮಗು. ಆಡಿದ್ದು ಆಡಿದ್ದೇ. ಬರಲ್ಲ ಎಂದವಳು ಆಮೇಲೆ ನಾಲ್ಕು ಜನ ನೆಂಟರು ಸೇರುವ ಕಡೆ ತಲೆ ಹಾಕಲಿಲ್ಲ. ಮನೆಗೂ ನಾವಿಬ್ಬರೇ ಇದ್ದಾಗ ಬರುವುದು, ಯಾರೋ ಬರುತ್ತಾರಂತೆ ಎಂದರೆ ಬ್ಯಾಗು ಹೆಗಲಿಗೇರಿಸುವುದು. ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಅವಳು ಸುಖವಾಗಿಯೇ ಇದ್ದಾಳೆ, ನನಗೆ ಗೊತ್ತು. ಆದರೆ ನಾವಿಬ್ಬರು ಇನ್ನೆಷ್ಟು ದಿನ? ನಾವು ಹೋದ ಮೇಲೆ ಇವಳಿಗೆ ತನ್ನವರು ಎನ್ನುವ ಒಂದು ಬಾಗಿಲಾದರೂ ಬೇಡವೇ? ಈ ಚಿಂತೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಹೋದ ವರ್ಷ ಅವಳೇ ಡಾಕ್ಟರ ಹತ್ತಿರ ಹೋಗಿ, ತನಗೆ ಇರುವುದು ಆಟಿಸಂ ಎಂದು ತಿಳಿದುಕೊಂಡು ಬಂದಳು. ಅದನ್ನು ನನಗಿಂತ ಮೊದಲು ನಿನಗೆ ಹೇಳಿದಳು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ, ಬರೆದೇಬಿಡುತ್ತೇನೆ. ಕತ್ತಿಗೆ ಚುಚ್ಚುತ್ತದೆ ಎಂದು ಅವಳ ಅಂಗಿಗಳ ಚೀಟಿ ಕತ್ತರಿಸಿ ತೆಗೆದವಳು ನಾನು. ಹೊಲಿಗೆ ತಾಗದ ಹಾಗೆ ಒಳಗಿನದನ್ನು ಹೊರಗೆ ತಿರುಗಿಸಿ ಹೊಲಿದವಳು ನಾನು. ಅಂಥವಳಿಗೆ ಕಿವಿಗೂ ಚುಚ್ಚಬಹುದು ಎಂದು ಹೊಳೆಯಲಿಲ್ಲ ನೋಡು, ಅದೂ ಮೈಕಿನವರ ಮನೆಯಲ್ಲಿದ್ದುಕೊಂಡು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಊಹೆ ಮಾಡಬೇಡ ಅಕ್ಕಾ, ಅವಳನ್ನೇ ಕೇಳು ಎಂದು ನೀನು ಹೇಳಿದ್ದೆಯಲ್ಲ, ಹಾಗೇ ಮಾಡಿದೆ. ಅಪ್ಪನ ಅರವತ್ತಕ್ಕೆ ಬರಬೇಕಾದರೆ ಹೇಗಿರಬೇಕು ಎಂದು ಕೇಳಿದೆ. ಉತ್ತರ ಬರಲು ಒಂದು ವಾರ ಹಿಡಿಯಿತು. ಸಮಾರಂಭ ನಡೆಯುವ ಹಾಲಿನ ಫೋಟೋ ಮೊದಲೇ ಬೇಕು, ಯಾರ್ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ತಿಳಿದಿರಬೇಕು ಎಂದಳು. ಯಾರೂ ಮುಟ್ಟಬಾರದು, ಮುಟ್ಟುವುದಾದರೆ ಕೇಳಿ ಮುಟ್ಟಬೇಕು. ತನ್ನ ಊಟದ ಡಬ್ಬಿ ತಾನೇ ತರುತ್ತಾಳೆ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಸಾಕಾದಾಗ ಎದ್ದುಹೋಗಿ ಕೂರಲು ಒಂದು ಕೋಣೆ ಇರಬೇಕು, ಹಿಂದೆಯೇ ಯಾರೂ ಓಡಿ ಬರಬಾರದು, ಅಮ್ಮನೂ ಸಹ. ಕೊನೆಯಲ್ಲಿ, ಮೈಕ್ ಬೇಡ.

ಮಿಕ್ಕಿದ್ದಕ್ಕೆಲ್ಲ ತಲೆಯಾಡಿಸಿದ ನಿನ್ನ ಭಾವ ಕೊನೆಯ ಮಾತಿಗೆ ಮುಖ ಊದಿಸಿಕೊಂಡರು. ನಲವತ್ತು ವರ್ಷ ಮೈಕ್ ಕಟ್ಟಿ ಬದುಕಿದವನು, ಮಗನಿಗೆ ಅಂಗಡಿ ಬಿಟ್ಟುಕೊಡುವ ದಿನವೇ ಮೈಕಿಲ್ಲ ಎಂದರೆ ಜನ ಏನಂದುಕೊಳ್ಳುತ್ತಾರೆ ಎಂದು ಗೊಣಗಿ, ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನಾನೂ ಬಿಟ್ಟೆ. ನನಗೇನು ಬಾಯಿ ನೋವೇ?

ಮೂರನೆಯ ದಿನ ಬೆಳಿಗ್ಗೆ ಅಂಗಡಿಗೆ ಬಂದು, ನಿನ್ನ ಹತ್ತಿರ ಚೂರು ಬಟ್ಟೆ ಎಷ್ಟಿದೆ ಎಂದು ಕೇಳಿದರು. ಸಮಾರಂಭದ ಹಾಲ್ ನೋಡಿಕೊಂಡು ಬಂದಿದ್ದರಂತೆ. ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ಕಣ್ಣು ಮುಚ್ಚಿ ಕೇಳಿದರಂತೆ. ‘ಮೊದಲು ಕೂಗೋದು ಜನ ಅಲ್ಲ ಕಣೇ, ಗೋಡೆ. ಗೋಡೆ ಕೂಗುತ್ತೆ ಅಂತ ಜನ ಅದಕ್ಕಿಂತ ಜೋರಾಗಿ ಕೂಗ್ತಾರೆ’ ಎಂದರು. ಕುರ್ಚಿ ಎಳೆದರೆ ನೆಲವೂ ಕಿರುಚುತ್ತದಂತೆ. ಇಷ್ಟು ವರ್ಷ ಶಬ್ದ ಹೆಚ್ಚಿಸಲು ಕಲಿತ ವಿದ್ಯೆಯನ್ನೆಲ್ಲ ಮನುಷ್ಯ ತಿರುಗಿಸಿ ಹಿಡಿದುಬಿಟ್ಟಿದ್ದರು.

ಆಮೇಲೆ ನೋಡಬೇಕಿತ್ತು ನಮ್ಮ ಅವತಾರ. ಮನೆಯ ಹಳೆಯ ರಜಾಯಿಗಳು, ಪರದೆಗಳು, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ನನ್ನ ದಪ್ಪ ಸೀರೆಗಳು, ಎಲ್ಲವೂ ಹಾಲಿನ ಗೋಡೆ ಏರಿದವು. ನಾನು ಚೂರು ಬಟ್ಟೆಯಲ್ಲಿ ಕುರ್ಚಿಗಳ ಕಾಲಿಗೆ ಚೀಲ ಹೊಲಿದೆ. ಒಂದು ಕುರ್ಚಿಗೆ ನಾಲ್ಕು ಕಾಲು ಇರುತ್ತವೆ ಎಂಬುದು ಒಪ್ಪಿಕೊಳ್ಳುವಾಗ ನೆನಪಿಗೆ ಬರಲಿಲ್ಲ. ಹೊಲಿದೂ ಹೊಲಿದೂ ಕಣ್ಣಿಗೆ ಬರೀ ಕಾಲೇ ಕಾಣುತ್ತಿತ್ತು. ಬಾಡಿಗೆಗೆ ಕುರ್ಚಿ ತಂದುಕೊಟ್ಟ ಶಾಮಿಯಾನದವರು, ನಿನ್ನ ಭಾವನ ಹಳೆಯ ಗೆಳೆಯ, ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕುರ್ಚಿಗಳಿಗೆ ಚಳಿಯಾಗುತ್ತದೆ ಎಂದು ಯಾರೂ ಇದುವರೆಗೆ ಯೋಚಿಸಿರಲಿಲ್ಲ ಅತ್ತಿಗೆ, ಎಂದರು.

ಇಷ್ಟೆಲ್ಲ ಮಾಡಿದ ಮೇಲೆ ನಾನೊಂದು ಎಡವಟ್ಟು ಮಾಡಿದೆ. ಬೈಯಬೇಡ. ಒಬ್ಬೊಬ್ಬರಿಗೂ ಫೋನ್ ಮಾಡಿ, ನಮ್ಮ ಗುಬ್ಬಿ ಬರುತ್ತಾಳೆ, ಗಲಾಟೆ ಮಾಡಬೇಡಿ, ಮುಟ್ಟಬೇಡಿ, ಏನೂ ಕೇಳಬೇಡಿ ಎಂದು ತಾಕೀತು ಮಾಡಿದ್ದೆ. ಪರಿಣಾಮ ಏನಾಯಿತು ಗೊತ್ತೇ? ಅವಳು ಒಳಗೆ ಕಾಲಿಟ್ಟಾಗ ಹಾಲಿನ ತುಂಬ ಜನ, ಒಂದು ಪಿಟ್ಟೆನ್ನುವ ಸದ್ದಿಲ್ಲ, ಎಲ್ಲರ ಕಣ್ಣೂ ಅವಳ ಮೇಲೆ. ದೊಡ್ಡತ್ತಿಗೆಯಂತೂ ಶಾಲೆಯ ಮಕ್ಕಳ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕೆನ್ನೆ ಹಿಂಡುವ ಕೈಗಳಲ್ಲವೇ, ಅವರಿಗೇ ಅವುಗಳ ಮೇಲೆ ನಂಬಿಕೆ ಇರಲಿಲ್ಲ. ಗುಬ್ಬಿ ಎಲ್ಲರನ್ನೂ ಒಂದು ಸಲ ನೋಡಿ, ‘ಅಮ್ಮಾ, ಯಾರಾದ್ರೂ ಸತ್ತಿದ್ದಾರಾ?’ ಎಂದು ಕೇಳಿದಳು.

ಶಾಮಿಯಾನದವರು ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಗುಬ್ಬಿಗೆ ಯಾಕೆ ನಗುತ್ತಾರೆ ಎಂದು ತಿಳಿಯಲಿಲ್ಲವೇನೋ, ಆದರೆ ಅವಳ ಭುಜ ಸ್ವಲ್ಪ ಇಳಿದಿದ್ದು ನನಗೆ ಕಾಣಿಸಿತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಬಗ್ಗಿ ಕುರ್ಚಿಯ ಕಾಲುಚೀಲ ಮುಟ್ಟಿ ನೋಡಿದಳು. ಮಾತು ನಿಧಾನವಾಗಿ ಶುರುವಾಯಿತು, ಆದರೆ ಜೋರಾಗಲಿಲ್ಲ. ನಿನ್ನ ಭಾವ ಹೇಳಿದ್ದು ನಿಜವೇ, ಯಾರಿಗೂ ಕೂಗಬೇಕು ಎನಿಸಲೇ ಇಲ್ಲ. ಕಿವಿಗೆ ಯಂತ್ರ ಹಾಕಿಕೊಳ್ಳುವ ನಮ್ಮ ಸೋದರಮಾವ, ಸಮಾರಂಭಕ್ಕೆ ಬಂದರೆ ಆ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವವರು, ಈ ಸಲ ಎಲ್ಲರ ಮಾತನ್ನೂ ಕೇಳುತ್ತಾ, ಎಲ್ಲದಕ್ಕೂ ಉತ್ತರ ಕೊಡುತ್ತಾ ಓಡಾಡಿದರು. ಸುಸ್ತಾಗುವಷ್ಟು ಉತ್ತರ ಕೊಟ್ಟರು, ಆ ಮಾತು ಬೇರೆ.

ಇನ್ನೇನು ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಎಡವಟ್ಟು ಇನ್ನೊಂದು ಬಾಗಿಲಿನಿಂದ ಬಂತು. ಶಾಮಿಯಾನದವರಿಗೆ ಗೆಳೆಯನ ಮೇಲೆ ಪ್ರೀತಿ ಉಕ್ಕಿತು. ಮೈಕಿನವನಿಗೆ ಮೈಕಿಲ್ಲದ ಮರ್ಯಾದೆಯೇ ಎಂದು, ಯಾರಿಗೂ ಹೇಳದೆ ತಮ್ಮದೇ ಒಂದು ಸ್ಪೀಕರ್ ಪೆಟ್ಟಿಗೆ, ಒಂದು ಮೈಕು ತಂದಿದ್ದರು. ಎರಡು ಒಳ್ಳೆಯ ಮಾತಾಡಲು ನಿಂತು ಅದನ್ನು ಹಾಕಿದರು. ಅದು ಕುಯ್ಯೋ ಎಂದು ಕಿರುಚಿದ್ದು ನನ್ನ ಹಲ್ಲಿನೊಳಗೆ ಹೋಯಿತು.

ಗುಬ್ಬಿ ಕಿವಿ ಮುಚ್ಚಿಕೊಂಡು ಎದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳಿಗೆಂದೇ ತೆರವು ಮಾಡಿಸಿಟ್ಟಿದ್ದ ಕೋಣೆಗೆ ನೇರ ಹೋಗಿ ಬಾಗಿಲು ಹಾಕಿಕೊಂಡಳು. ಆಯಿತು, ಇನ್ನು ಮುಗಿಯಿತು, ಇನ್ನೆಂದೂ ಬರುವುದಿಲ್ಲ ಇವಳು ಎಂದುಕೊಂಡೆ. ಕಾಲು ತಾನಾಗಿ ಅತ್ತ ಓಡಿತು. ಅಮ್ಮನೂ ಸಹ ಎಂದಿದ್ದಳಲ್ಲ, ಅದು ನೆನಪಾಗಿ ಅರ್ಧದಲ್ಲೇ ನಿಂತೆ. ಒಂದು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ನಿನಗೆ ಇಬ್ಬರು ಮಕ್ಕಳನ್ನು ಹೆತ್ತದ್ದು ಕಷ್ಟವೇ ಅಕ್ಕಾ ಎಂದು ನೀನು ಒಮ್ಮೆ ಕೇಳಿದ್ದೆ. ಈ ನಿಲ್ಲುವುದು ಅದಕ್ಕಿಂತ ಕಷ್ಟ ಕಣೇ.

ಅಷ್ಟರಲ್ಲಿ ನಿನ್ನ ಭಾವ ಹೋಗಿ ತಮ್ಮ ಕೈಯಾರೆ ವೈರು ಕಿತ್ತರು. ಗೆಳೆಯನ ಹೆಗಲ ಮೇಲೆ ಕೈಯಿಟ್ಟು, ತಪ್ಪು ತಿಳಿಯಬೇಡ ಎಂದರು. ಆಮೇಲೆ ಜನರ ಕಡೆ ತಿರುಗಿ ಬರೀ ಗಂಟಲಿನಲ್ಲಿ ಮಾತಾಡಿದರು. ಹಲೋ ಹಲೋ ಎಂದು ಪರೀಕ್ಷೆ ಮಾಡಿಯೇ ಒಡೆದುಹೋದ ಗಂಟಲು, ನಿನಗೆ ಗೊತ್ತಲ್ಲ. ‘ಕೇಳಿಸದೆ ಇರೋರು ಹತ್ರ ಬನ್ನಿ’ ಎಂದರು. ಅಷ್ಟೇ. ಜನ ಎದ್ದು ಕುರ್ಚಿ ಎಳೆದುಕೊಂಡು ಅವರ ಸುತ್ತ ಬಂದರು. ಅಷ್ಟೂ ಕುರ್ಚಿ ಎಳೆದರೂ ಒಂದು ಚೂರು ಸದ್ದಿಲ್ಲ. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು. ನಮ್ಮ ನೆಂಟರು ಅವರ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿದ್ದನ್ನು ನಾನು ಹಿಂದೆ ಎಂದೂ ನೋಡಿರಲಿಲ್ಲ.

ಆಗಲೇ ನನಗೆ ಇನ್ನೊಂದು ಗಾಬರಿ. ಸುತ್ತ ನೋಡಿದರೆ ದೊಡ್ಡತ್ತಿಗೆ ಇಲ್ಲ! ಊಟವಾದ ಮೇಲೆ ಸ್ವಲ್ಪ ಕಾಲು ಚಾಚುತ್ತೇನೆ ಎಂದು ಅವರು ಮೊದಲೇ ಆ ಕೋಣೆಗೆ ಹೋಗಿದ್ದರು. ಒಳಗೆ ಇವರಿಬ್ಬರೇ! ಹುಲಿಯ ಬಾಯಿಂದ ತಪ್ಪಿಸಿ ಕರಡಿಯ ಕೈಗೆ ಕೊಟ್ಟ ಹಾಗಾಯಿತಲ್ಲ ಎಂದು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಭಾಷಣ ಮುಗಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಗುಬ್ಬಿ ತಾನಾಗಿಯೇ ಬಂದಳು, ಕಿವಿಯ ಮೇಲೆ ತನ್ನ ದಪ್ಪ ಹೆಡ್‌ಫೋನ್ ಹಾಕಿಕೊಂಡು. ಅದೇ ಕುರ್ಚಿಯಲ್ಲಿ ಕೂತು, ಡಬ್ಬಿ ತೆಗೆದು ಊಟ ಶುರುಮಾಡಿದಳು. ಅವಳ ಹಿಂದೆಯೇ ದೊಡ್ಡತ್ತಿಗೆ, ನಿದ್ದೆಗಣ್ಣಿನಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾ ಬಂದರು. ಒಳಗೇನಾಯಿತು ಎಂದು ಅವರನ್ನು ಮೂಲೆಗೆ ಎಳೆದು ಕೇಳಿದೆ. ಏನೂ ಆಗಲಿಲ್ಲವಂತೆ. ಅವಳು ಬಂದಾಗ ಎಚ್ಚರವಾಯಿತಂತೆ, ಸರಿದು ಜಾಗ ಕೊಟ್ಟರಂತೆ, ಇಬ್ಬರೂ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರಂತೆ. ‘ನಿನ್ನ ಮಗಳು ಒಳ್ಳೆಯವಳು ಕಣೇ. ನನ್ನ ಮಂಡಿ ನೋವು ಹೇಗಿದೆ ಅಂತ ಕೇಳದೆ ಇರೋ ಒಬ್ಬಳಾದರೂ ಈ ಮನೇಲಿ ಇದ್ದಾಳಲ್ಲ’ ಎಂದರು. ಮುಂದಿನ ಸಲವೂ ಅಂಥದ್ದೊಂದು ಕೋಣೆ ಇಡಬೇಕಂತೆ, ತಮಗೆ!

ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಿದೆವು. ಗುಬ್ಬಿ ಡಬ್ಬಿ ತೊಳೆದುಕೊಂಡು, ಅಪ್ಪನಿಗೆ ಶುಭಾಶಯ ಹೇಳಿ ಹೊರಟಳು. ಅಷ್ಟೇ. ಮನೆಗೆ ಬಂದು ಹಾಸಿಗೆಗೆ ಬಿದ್ದವಳು ಬೆಳಗಿನವರೆಗೆ ಎಚ್ಚರವಿಲ್ಲದೆ ಮಲಗಿದೆ. ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಿದೆ. ನಿನ್ನ ಮೇಲಿನ ಸಿಟ್ಟೂ ಇಳಿದಿರಬೇಕು, ಹುಡುಕಿದರೂ ಸಿಗುತ್ತಿಲ್ಲ. ಅವಳು ನಿನಗೆ ಮೊದಲು ಹೇಳಿದ್ದೇ ಒಳ್ಳೆಯದಾಯಿತು.

ಕಾಲುಚೀಲಗಳನ್ನು ಒಗೆದು ಒಣಹಾಕಿದ್ದೇನೆ. ಶಾಮಿಯಾನದವರು ಅವು ತಮಗೇ ಬೇಕು ಎನ್ನುತ್ತಿದ್ದಾರೆ. ಕೊಡುವುದಿಲ್ಲ ಎಂದೆ. ನೀನು ಪ್ಲಾಸ್ಟರ್ ಬಿಚ್ಚುವವರೆಗೆ ಮಂಚದಿಂದ ಇಳಿಯಬೇಡ. ಇಳಿದೆ ಎಂದು ಗೊತ್ತಾದರೆ ಬಂದು ಇನ್ನೊಂದು ಕಾಲನ್ನೂ ನಾನೇ ಮುರಿಯುತ್ತೇನೆ.

ಇಂತಿ ನಿನ್ನ ಮೇಲೆ ಬೈಗುಳಕ್ಕಿಂತ ಪ್ರೀತಿಯೇ ಹೆಚ್ಚಿರುವ,
ಅಕ್ಕ

ತಾ.ಕ.: ಅಷ್ಟೇ ಎಂದು ಬರೆದೆನಲ್ಲ, ಅಷ್ಟೇ ಅಲ್ಲ. ಅತ್ತಿದ್ದೂ ನಿಜ, ನಿನ್ನ ಭಾವ ಹೇಳಿದ್ದು ಸುಳ್ಳಲ್ಲ. ಗುಬ್ಬಿ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಳು. ನನ್ನ ಮುಖ ನೋಡಲಿಲ್ಲ, ನನ್ನ ತೋಳಿಗೆ ಅಂಟಿದ್ದ ದಾರದ ಎಳೆಯನ್ನು ನೋಡುತ್ತಾ ‘ಅಮ್ಮಾ, ಬರ್ತೀನಿ’ ಎಂದಳು. ಪಕ್ಕದಲ್ಲಿದ್ದ ದೊಡ್ಡತ್ತಿಗೆ ಹೂಂ, ಹುಷಾರು ಎಂದಷ್ಟೇ ಹೇಳಿದರು. ಸ್ಕೂಟರಿನಲ್ಲಿ ಮನೆಗೆ ಬರುವಾಗ ನಿನ್ನ ಭಾವ, ಹೊರಡುವಾಗ ಎಲ್ಲರೂ ಹೇಳೋ ಮಾತಿಗೆ ಯಾಕೆ ಇಷ್ಟು ಅಳ್ತೀಯ ಎಂದು ರೇಗಿದರು. ಎಲ್ಲರೂ ಹೇಳ್ತಾರೆ, ಅವಳು ಹೇಳ್ತಾಳಾ ಎಂದೆ. ಇನ್ನೂ ಸ್ವಲ್ಪ ದೂರ ಓಡಿಸಿದರು. ಆಮೇಲೆ ರಸ್ತೆಯ ಪಕ್ಕಕ್ಕೆ ಸ್ಕೂಟರ್ ನಿಲ್ಲಿಸಿ, ಇಂಜಿನ್ ಆರಿಸಿ, ಹಿಂದೆ ತಿರುಗದೆ ಕೇಳಿದರು, ‘ಇನ್ನೊಂದ್ಸಲ ಹೇಳು. ಏನಂದ್ಲು?’