ಮೂಗಿನ ಕ್ಲಿಪ್ಪು

ಮಂಗಳವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ, ನಿನ್ನ ಸೋದರಮಾವ ಎದೆ ತುಂಬಾ ಉಸಿರೆಳೆದುಕೊಂಡು ಮಾಡುವ ಆಶೀರ್ವಾದಗಳು.

ಗೆದ್ದೆ ಕಣೇ! ನಮ್ಮಿಬ್ಬರ ರಕ್ತದಲ್ಲೂ ಆ ಮನೆತನದ ಕಾಯಿಲೆ ಸಿಕ್ಕಿದ ದಿನ ನೆನಪಿದೆ ತಾನೆ? ಶ್ವಾಸಕೋಶ, ಲಿವರ್ ಈಗ ಹೇಗಿವೆಯೋ ನೋಡಿಸಿಕೊಳ್ಳಿ ಎಂದು ಡಾಕ್ಟರಮ್ಮ ಕೊಟ್ಟ ಚೀಟಿಯನ್ನು ಡ್ರಾಯರಿಗೆ ತುರುಕಿ, "ಮೊದ್ಲು ಮಾವ ಹೋಗ್ಲಿ, ಆಮೇಲೆ ನೋಡೋಣ" ಅಂದಿದ್ದೆ ನೀನು. ಈ ಪುಕ್ಕಲ ಹೋಗುವುದೇ ಇಲ್ಲ ಅನ್ನುವ ಧೈರ್ಯ ನಿನಗೆ. ಹೋಗಿ ಬಂದೆ!

ರಕ್ತ ತೆಗೆದರು. ಹೊಟ್ಟೆಗೆ ತಣ್ಣನೆಯ ಅಂಟು ಬಳಿದು ಯಂತ್ರ ಆಡಿಸಿದರು; ಕಚಗುಳಿ ತಡೆಯದೆ ಮಂಚವನ್ನೇ ಅಲ್ಲಾಡಿಸಿಬಿಟ್ಟೆ. ಲಿವರ್ ಸದ್ಯಕ್ಕೆ ಚೆನ್ನಾಗಿದೆಯಂತೆ.

ಆಮೇಲೆ ಶ್ವಾಸಕೋಶದ ಬಲ ಅಳೆಯಲು ಊದಿಸುವ ಕೋಣೆ. ನಲವತ್ತು ವರ್ಷ ಬ್ಯಾಂಡಿನಲ್ಲಿ ತುತ್ತೂರಿ ಊದಿದವನ ಕೈಗೆ ರಟ್ಟಿನ ಕೊಳವೆ! ಮೂಗಿಗೆ ಕ್ಲಿಪ್ಪು ಹಾಕಲು ಬಂದ ಯಂತ್ರದಮ್ಮನಿಗೆ, ಅದೆಲ್ಲ ಕಲಿಯುವವರಿಗೆ ಅಂದೆ. ಕೆನ್ನೆ ಉಬ್ಬಿಸಿ, ಮೂಗಿನಿಂದ ಸದ್ದಿಲ್ಲದೆ ಉಸಿರು ಕದಿಯುತ್ತಾ, ಬ್ಯಾಂಡಿನವರ ವರಸೆಯಲ್ಲಿ ಊದಿದೆ ನೋಡು, ನಿಲ್ಲಿಸಲೇ ಇಲ್ಲ! ಪರದೆಯ ಮೇಲಿನ ಗೆರೆ ಹಾವಿನಂತೆ ಹೊರಳಾಡಿತು. ಆಕೆ ಸೊಂಟಕ್ಕೆ ಕೈಕೊಟ್ಟು, "ಯಜಮಾನ್ರೇ, ಕದ್ದ ಉಸಿರಿಗೆ ಇಲ್ಲಿ ಮಾರ್ಕ್ಸ್ ಇಲ್ಲ. ಮೂಗು ಕೊಡಿ ಇಲ್ಲಿ" ಅಂದು ಕ್ಲಿಪ್ಪು ಒತ್ತಿಯೇಬಿಟ್ಟಳು. "ಊದಿ, ಊದಿ, ಇನ್ನೂ ಇದೆ, ಬಿಡ್ಬೇಡಿ!" ಎಂಬ ಅವಳ ಕೂಗಿಗೆ ಹೊರಗೆ ಕೂತವರೆಲ್ಲ ಬಾಗಿಲಲ್ಲಿ ಜಮಾಯಿಸಿದರು. ಮೂರು ಸಲ ಊದಿದೆ. ನನ್ನ ಜನ್ಮದಲ್ಲಿ ಮೋಸವಿಲ್ಲದೆ ಊದಿದ್ದು ಅದೇ ಮೊದಲು, ಗುಬ್ಬಿ.

ಇವತ್ತಿನದು ಮೊದಲ ಗೆರೆಯಂತೆ. ಮುಂದಿನ ವರ್ಷದ್ದನ್ನು ಇದರ ಪಕ್ಕ ಇಟ್ಟು ನೋಡುತ್ತಾರಂತೆ. ನಿನ್ನನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆನಲ್ಲ, ಹಾಗೆ. ಆಗ ಹಿಮ್ಮಡಿ ಎತ್ತಿ ನನಗೇ ಟೋಪಿ ಹಾಕುತ್ತಿದ್ದೆ ನೀನು! ಈಗ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಹೂಡುತ್ತೀಯ. ಯಾಕೆಂದು ನನಗೆ ಗೊತ್ತು. ಆ ನೆಪ ಕಂಡುಹಿಡಿದವನೇ ನಾನು.

ಇಂತಿ,
ಉಸಿರೆಲ್ಲ ಖಾಲಿ ಮಾಡಿಯೂ ನಡೆದೇ ಮನೆಗೆ ಬಂದ
ನಿನ್ನ ತುತ್ತೂರಿ ಮಾವ

ತಾ.ಕ.: ಊದಿದ್ದರ ನಂಬರ್ ಬರೆಯಲಿಲ್ಲವೆಂದು ಹಿಡಿಯುತ್ತೀಯ, ಗೊತ್ತು. ನನ್ನ ವಯಸ್ಸಿಗೆ ಇರಬೇಕಾದ ನೂರಕ್ಕೆ ಐವತ್ತೆಂಟು. ನಮ್ಮ ಹಳ್ಳಿ ಶಾಲೆಯಲ್ಲಿ ಅಷ್ಟು ತೆಗೆದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಡಾಕ್ಟರಮ್ಮ ಮಾತ್ರ, "ನಿಮ್ಮ ಸೋದರ ಸೊಸೆ ವಯಸ್ಸಲ್ಲೇ ಬಂದಿದ್ರೆ..." ಅಂದು ವರದಿಯನ್ನು ಮಡಚಿ ನನ್ನ ಕೈಗಿಟ್ಟರು. ಲಕೋಟೆಯಲ್ಲಿರುವ ಕ್ಲಿಪ್ಪು ಯಂತ್ರದಮ್ಮನದು, ಎಗರಿಸಿಕೊಂಡು ಬಂದೆ. ಸೋಮವಾರ ಹತ್ತು ಗಂಟೆಗೆ ಅದನ್ನು ನೀನೇ ಹಿಂದಿರುಗಿಸಬೇಕು, ನಿನ್ನ ಹೆಸರು ಬರೆಸಿಯೇ ಬಂದಿದ್ದೇನೆ. ಬಾಗಿಲಲ್ಲಿ ನಿಂತು "ಬಿಡ್ಬೇಡ" ಎಂದು ಕೂಗಲು ನಾನಿರುತ್ತೇನೆ.