ಕೊಂಬೆ ಕಡಿದವನ ಗಡಿ

ವಾಲ್ಬೆಕೆ, ಫ್ಲಾಂಡರ್ಸ್
೨೨ ನವೆಂಬರ್ ೧೯೫೩

ಪ್ರೀತಿಯ ಮಗಳು ಇರ್ಮಾಳಿಗೆ ತಾಯಿಯ ಆಶೀರ್ವಾದಗಳು.

ಸಕಲ ಸಂತರ ಹಬ್ಬಕ್ಕೆ ಬಂದಾಗ ಕೇಳಿ ತಿಳಿದುಕೊಂಡ ಮಜ್ಜಿಗೆ ಗಂಜಿ ಹದವಾಗಿ ಬಂದಿತೇ? ಚಿಕ್ಕಂದಿನಿಂದ ಅದನ್ನು ಕಂಡರೆ ಮೂಗು ಮುರಿಯುತ್ತಿದ್ದವಳು, ಅಂದು ಅದರ ವಿಧಾನವನ್ನು ಮತ್ತೆ ಮತ್ತೆ ಹೇಳಿಸಿದೆ. ಚಳಿಗಾಳಿಯೆಂದು ಹೊಲದ ಕಡೆಯ ಕಿಟಕಿಗೆ ಪರದೆಯನ್ನೂ ಎಳೆದೆ. ಅಷ್ಟು ಹೊತ್ತೂ ಅಳಿಯಂದಿರು ಹೊರಗೆ ಚುಟ್ಟಾ ಸೇದುತ್ತಿದ್ದರು.

ಇರಲಿ. ನಿನ್ನೆ ನೆರೆಯ ಓಡೀಲ್ ನಮ್ಮ ಅಗಸೆ ಹೊಲದ ಅಂಚಿನ ವಿಲ್ಲೋ ಮರಗಳನ್ನೇರಿ ಕೊಂಬೆ ಕಡಿಯುತ್ತಿದ್ದ. ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಹೊರಟೆ. ಮೊದಲ ಯುದ್ಧ ಮುಗಿದು ನಾವು ಹಿಂದಿರುಗಿದಾಗ ಗಡಿಕಲ್ಲುಗಳೆಲ್ಲ ಕೆಸರಿನಲ್ಲಿ ಹೂತುಹೋಗಿದ್ದವು, ಚರ್ಚಿನ ಗೋಪುರವೂ ಉಳಿದಿರಲಿಲ್ಲ. ಸುಟ್ಟ ವಿಲ್ಲೋ ಬೊಡ್ಡೆಗಳು ಮಾತ್ರ ಚಿಗುರಿದ್ದವು. ಯಾರ ಅಜ್ಜ ಯಾವ ಮರದ ಕೊಂಬೆ ಕಡಿಯುತ್ತಿದ್ದನೆಂದು ನೆನೆದೇ ಊರು ತನ್ನ ಹೊಲಗಳನ್ನು ಮರಳಿ ಗುರುತಿಸಿತು. ಅಂದಿನಿಂದ ಇಲ್ಲಿ ಕೊಂಬೆ ಕಡಿದವನದೇ ಗಡಿ. ನೆರೆಯವನಿಗೆ ಟೋಪಿ ಎತ್ತಿ ವಂದಿಸುವಾಗಲೂ ನಾವು ನೋಡುವುದು ಅವನ ಕೊಡಲಿಯನ್ನೇ.

ನಿನ್ನ ತಂದೆ ತೀರಿದ ಮೊದಲ ಚಳಿಗಾಲದಲ್ಲೇ ಇಷ್ಟು ಧೈರ್ಯವೇ ಎಂದು ಮರದ ಬುಡಕ್ಕೆ ಹೋಗಿ ಕೂಗಿದೆ: "ಏನೋ ಓಡೀಲ್, ಯಾರಪ್ಪನ ಮರ ಅಂತ ಹತ್ತಿದ್ದೀಯ?"

"ಪಕ್ಕಕ್ಕೆ ನಿಂತ್ಕೊ ಅಕ್ಕಾ. ಕೊಂಬೆ ತಲೆ ಮೇಲೆ ಬಿದ್ರೆ ಅದಕ್ಕೂ ನನ್ನೇ ಬೈತೀಯ."

"ಹಲ್ಲು ಕಿರೀಬೇಡ. ಇಳಿ ಕೆಳಗೆ!"

"ಅಯ್ಯೋ, ನಿನ್ನ ಅಳಿಯಾನೇ ಹಬ್ಬದ ದಿನ ಬಂದು ಹೇಳಿದ್ನಲ್ಲ, ಈ ಸಲದಿಂದ ನೀನೇ ಕಡ್ಕೊ, ಹೇಗೂ ಹೊಲ ನಿನಗೇ ಮಾರೋದು ಅಂತ. ನೀನೂ ಒಪ್ಪಿದ್ದೀಯ ಅಂದ. ಯಾಕೆ, ನಿನಗೆ ಗೊತ್ತಿಲ್ವಾ?"

ಗೊತ್ತಿದೆ ಎಂದೆ. ಮಗಳ ಮಾನ ಊರಿನ ಬಾಯಿಗೆ ಬೀಳಬಾರದಲ್ಲವೇ? ಆದರೆ ನನ್ನ ಮುಖದಲ್ಲಿ ಅವನೇನು ಕಂಡನೋ, ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಲ್ಲನೆ ಇಳಿದುಬಂದ.

ನಿನ್ನನ್ನು ನಾನು ಏನೂ ಕೇಳುವುದಿಲ್ಲ. ಪರದೆಯನ್ನು ಮಾತ್ರ ಒಗೆಯಲು ತೆಗೆದುಹಾಕಿದ್ದೇನೆ.

ಇಂತು,
ಈ ಹೊಲದಲ್ಲಿಯೇ ನಿನ್ನನ್ನು ಬೆಳೆಸಿದ ತಾಯಿ,
ಗೋಡ್ಲೀವ್

ಮರೆತಿದ್ದೆ: ದಾರಿಯ ಪಕ್ಕದ ಕೊನೆಯ ವಿಲ್ಲೋ ಕಡಿಯದೆ ಉಳಿದಿತ್ತು. ಇಂದು ಪೂಜೆ ಮುಗಿಸಿ ಊರೆಲ್ಲ ಆ ದಾರಿಯಲ್ಲಿ ಬರುವಾಗ ನಿನ್ನ ತಂದೆಯ ಷರಾಯಿ ತೊಟ್ಟು, ಮರವೇರಿ, ಅದರ ಕೊಂಬೆಗಳನ್ನೆಲ್ಲ ನಾನೇ ಕಡಿದೆ. ಏಣಿ ಹಿಡಿದು ನಿಂತವನು ಓಡೀಲ್.